ಉಳಿದ ಕಾಲು ಏನು ಮಾಡಬಲ್ಲದು?

"ಸಾಹೇಬ್ರ, ಕಾಲ ಉಳಿತೈತೇನ್ರಿ?" ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯಿಂದ ಈ ಅಂಕಣಕ್ಕೆ ಬರುವ ಫೋನು, ಪತ್ರಗಳಲ್ಲಿ ಪದೇ ಪದೇ ಎದುರಾಗುವ ಪ್ರಶ್ನೆ ಇದು. ಕೇಳುವವರು ಹೆಚ್ಚಾಗಿ ಸೈನಿಕರ ಮನೆಯವರು. ಈ ಭಾಗದ ಊರುಗಳಲ್ಲಿ ನಸುಕಿಗೆ ರಸ್ತೆಗಿಳಿದರೆ ಭರ್ತಿಗಾಗಿ ಓಡುವ ಹುಡುಗರು ಎದುರಾಗುತ್ತಾರೆ. ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರ ಬೆಳಗಾವಿಯಲ್ಲೇ ಇರುವುದರಿಂದ ಮಿಲಿಟರಿ ಎಂಬುದು ನಮ್ಮವರಿಗೆ ದೂರದ ಮಾತಲ್ಲ. ಆದರೆ ಗಡಿಯಲ್ಲಿ ಮಗನಿಗೆ ಗಾಯವಾಗಿದೆ ಎಂಬ ಸುದ್ದಿ ಬಂದ ದಿನದಿಂದ ಮನೆಗೆ ತಲುಪುವುದು ತುಣುಕು ತುಣುಕು ಮಾಹಿತಿ ಮಾತ್ರ. "ಕಾಲಿಗೆ ರಿಂಗ್ ಹಾಕ್ಯಾರಂತ." "ಬೆನ್ನಿನ ಖಂಡ ತಗದು ಕಾಲಿಗೆ ಹಚ್ಚ್ಯಾರಂತ." "ಇನ್ನೂ ಒಂದು ಆಪರೇಶನ್ ಐತಂತ." ಇವನ್ನೆಲ್ಲ ಒಂದಕ್ಕೊಂದು ಜೋಡಿಸಿ ಹೇಳುವವರು ಯಾರೂ ಇರುವುದಿಲ್ಲ.

ಎಲುಬು ವೈದ್ಯನಾಗಿ ಇಷ್ಟು ವರ್ಷ ಕೆಲಸ ಮಾಡಿದ ಮೇಲೆ ನನ್ನ ಉತ್ತರ ಹೀಗಿದೆ. ಕಾಲು ಉಳಿಯುತ್ತದೆಯೇ ಎಂದು ಕೇಳುವುದು ಸಹಜ. ಅದರ ಜೊತೆಗೇ ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ: ಉಳಿದ ಕಾಲು ಏನು ಕೆಲಸ ಮಾಡಬಲ್ಲದು, ಅಲ್ಲಿಯವರೆಗೆ ಎಷ್ಟು ಕಾಲ ಹಿಡಿಯುತ್ತದೆ? ಈ ಎರಡನೆಯ ಪ್ರಶ್ನೆಯನ್ನು ಮೊದಲ ವಾರದಲ್ಲೇ ಕೇಳಿದ ಮನೆಯವರು ಮುಂದೆ ಕಡಿಮೆ ನರಳುವುದನ್ನು ಕಂಡಿದ್ದೇನೆ.

ಬೈಕಿನಿಂದ ಬಿದ್ದು ಮುರಿದ ಎಲುಬಿಗೂ ಗುಂಡು ತಗುಲಿ ಮುರಿದ ಎಲುಬಿಗೂ ಬಹಳ ಅಂತರ. ಎಕೆ-47ರ ಗುಂಡು ನಳಿಗೆಯಿಂದ ಸೆಕೆಂಡಿಗೆ ಸುಮಾರು 700 ಮೀಟರ್ ವೇಗದಲ್ಲಿ ಹೊರಬೀಳುತ್ತದೆ. ಹೊರಗೆ ಕಾಣುವ ತೂತು ಸಣ್ಣದೇ. ಒಳಗೆ ಹಾದುಹೋಗುವಾಗ ಅದು ಸುತ್ತಲಿನ ಖಂಡವನ್ನು ಕ್ಷಣಮಾತ್ರ ಅಗಲಕ್ಕೆ ತಳ್ಳಿಬಿಡುತ್ತದೆ. ಆ ಹೊಡೆತಕ್ಕೆ ಸತ್ತ ಖಂಡ ಮೊದಲ ದಿನ ಬದುಕಿದ್ದಂತೆಯೇ ಕಾಣಬಹುದು. ಗುಂಡು ಎಲುಬಿಗೆ ಬಡಿದರೆ ಅದರ ಚೂರುಗಳೂ ಸುತ್ತಲಿನ ಖಂಡವನ್ನು ಹರಿಯುತ್ತವೆ. ನೆಲಬಾಂಬ್ ಇದಕ್ಕಿಂತ ಕ್ರೂರ. ಕಾಲಿಟ್ಟ ಜಾಗದಿಂದ ಸ್ಫೋಟ ಮೇಲಕ್ಕೆ ನುಗ್ಗಿ ಮಣ್ಣು, ಹುಲ್ಲು, ಬೂಟಿನ ರಬ್ಬರು, ಕಾಲುಚೀಲದ ನೂಲು ಎಲ್ಲವನ್ನೂ ಖಂಡಗಳ ನಡುವಿನ ಸಂದಿಗೆ ತುರುಕುತ್ತದೆ. ಪಾದದ ಹತ್ತಿರ ಸಿಡಿದ ಬಾಂಬಿನ ಮಣ್ಣು ಮೊಣಕಾಲಿನ ಸಮೀಪ ಸಿಗುವುದೂ ಉಂಟು. ಮೇಲಿನ ಚರ್ಮ ಮಾತ್ರ ಏನೂ ಆಗಿಲ್ಲವೆಂಬಂತೆ ಇರುತ್ತದೆ.

ಮನೆಯವರ ಮೊದಲ ಸಿಟ್ಟಿಗೆ ಉತ್ತರವೂ ಇಲ್ಲೇ ಇದೆ. "ಇಷ್ಟು ದೊಡ್ಡ ಗಾಯಕ್ಕ ಹೊಲಿಗಿ ಸುದ್ದಾ ಹಾಕಿಲ್ರಿ!" ಎನ್ನುತ್ತಾರೆ. ಬೇಕೆಂದೇ ಹಾಕಿರುವುದಿಲ್ಲ. ಮೊದಲ ಮಹಾಯುದ್ಧದ ಕಂದಕಗಳಲ್ಲಿ, ಗೊಬ್ಬರ ಬೆರೆತ ಹೊಲದ ಮಣ್ಣು ಗಾಯಕ್ಕೆ ಹೊಕ್ಕು, ಹೊಲಿಗೆಯ ಒಳಗೆ ಕೊಳೆತು ಅಸಂಖ್ಯ ಸೈನಿಕರು ಸತ್ತರು. ಸತ್ತ ಖಂಡವನ್ನೆಲ್ಲ ಕತ್ತರಿಸಿ ತೆಗೆ, ಗಾಯ ತೆರೆದೇ ಇಡು, ಕೆಲವು ದಿನ ನೋಡಿ ಆಮೇಲೆ ಮುಚ್ಚು ಎಂಬ ಪದ್ಧತಿಯನ್ನು ಆ ಯುದ್ಧದಲ್ಲಿ ಗಟ್ಟಿಯಾಗಿ ನೆಲೆಗೊಳಿಸಿದವರಲ್ಲಿ ಬೆಲ್ಜಿಯಂನ ಸರ್ಜನ್ ಆಂಟ್ವಾನ್ ಡಿಪಾಜ್ ಪ್ರಮುಖರು. ಇಂದಿಗೂ ನಡೆಯುವುದು ಅದೇ. ಚಿಮಟದಿಂದ ಹಿಡಿದರೆ ಸಂಕುಚಿಸುವ, ಕೊಯ್ದರೆ ರಕ್ತ ಜಿನುಗುವ, ಬಣ್ಣ ಕೆಡದ ಖಂಡ ಉಳಿಯುತ್ತದೆ, ಮಿಕ್ಕದ್ದು ಹೋಗುತ್ತದೆ. ಒಂದೆರಡು ದಿನದಲ್ಲಿ ಮತ್ತೆ ಥಿಯೇಟರಿಗೆ ಒಯ್ದು ಮತ್ತೆ ನೋಡುತ್ತಾರೆ. ಮೊದಲ ವಾರದಲ್ಲಿ ಎರಡು ಮೂರು ಸಲ ಆಪರೇಷನ್ ಆಯಿತೆಂದರೆ ಮೊದಲನೆಯದು ಕೆಟ್ಟಿತು ಎಂದು ಯಾರೂ ತಿಳಿಯಬಾರದು.

ರಕ್ತನಾಳ ಹರಿದಿದ್ದರೆ ಗಡಿಯಾರದೊಂದಿಗೆ ಓಟ. ರಕ್ತ ನಿಂತ ಕಾಲಿನ ಖಂಡ ಸುಮಾರು ಆರು ತಾಸು ತಾಳುತ್ತದೆ, ಆಮೇಲೆ ಕಾಲಿನ ಭವಿಷ್ಯ ಕೈ ಜಾರತೊಡಗುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಹರಿದ ನಾಳವನ್ನು ಕಟ್ಟಿಬಿಡುವುದೇ ರೂಢಿಯಾಗಿತ್ತು. ಅಮೆರಿಕದ ಸೈನಿಕರ ದಾಖಲೆಗಳ ಪ್ರಕಾರ ದೊಡ್ಡ ನಾಳಕ್ಕೆ ಪೆಟ್ಟಾದ ಕೈಕಾಲುಗಳಲ್ಲಿ ಸುಮಾರು ಅರ್ಧದಷ್ಟನ್ನು ಕತ್ತರಿಸಬೇಕಾಯಿತು. ಕೊರಿಯಾ ಯುದ್ಧದ ಹೊತ್ತಿಗೆ ನಾಳವನ್ನು ಹೊಲಿದು ಕೂಡಿಸತೊಡಗಿದರು, ಗಾಯಾಳುವನ್ನು ಹೆಲಿಕಾಪ್ಟರಿನಲ್ಲಿ ಬೇಗ ತಂದರು. ಪ್ರಮಾಣ ಶೇಕಡ 13ರ ಆಸುಪಾಸಿಗೆ ಇಳಿಯಿತು. ಹತ್ತು ವರ್ಷದೊಳಗೆ ಆದ ಬದಲಾವಣೆ ಇದು. ಸರ್ಜನ್ನರ ಕೈಚಳಕಕ್ಕಿರುವಷ್ಟೇ ಪಾಲು ಇದರಲ್ಲಿ ಸಾಗಣೆಯ ವೇಗಕ್ಕೂ ಇದೆ.

ಇನ್ನು "ಬೆನ್ನಿನ ಖಂಡ ಕಾಲಿಗೆ." ಮೊಣಕಾಲಿನ ಕೆಳಗಿನ ಎಲುಬಿನ ಮುಂಭಾಗಕ್ಕೆ ಹೊದಿಕೆಯಾಗಿರುವುದು ಬರೀ ತೆಳ್ಳನೆ ಚರ್ಮ. ಅಲ್ಲಿ ಚರ್ಮ ಹೋಯಿತೆಂದರೆ ಎಲುಬು ಬತ್ತಲಾಗುತ್ತದೆ, ಬತ್ತಲಾದ ಎಲುಬು ಒಣಗಿ ಸಾಯುತ್ತದೆ. ಮೇಲಿನ ಭಾಗದ ಗಾಯವಾದರೆ ಮೀನಖಂಡವನ್ನೇ ಹೊರಳಿಸಿ ಮುಚ್ಚಬಹುದು. ಪಾದದ ಹತ್ತಿರವಾದರೆ ಹೊರಳಿಸಲು ಅಲ್ಲಿ ಖಂಡವೇ ಇಲ್ಲ. ಆಗ ಬೆನ್ನಿನಿಂದಲೋ ತೊಡೆಯಿಂದಲೋ ಒಂದು ತುಂಡನ್ನು ಅದರ ರಕ್ತನಾಳದ ಸಮೇತ ಬಿಡಿಸಿ ತಂದು, ಸೂಕ್ಷ್ಮದರ್ಶಕದ ಕೆಳಗೆ ಕಾಲಿನ ನಾಳಕ್ಕೆ ಕೂಡಿಸುತ್ತಾರೆ. ನಾಳದ ಅಗಲ ಒಂದರಿಂದ ಮೂರು ಮಿಲಿಮೀಟರ್, ಹೊಲಿಯುವ ದಾರ ತಲೆಗೂದಲಿಗಿಂತ ತೆಳು. ಆ ರಾತ್ರಿಯಿಡೀ ನರ್ಸ್ ತಾಸು ತಾಸಿಗೆ ಬಂದು ಆ ತುಂಡಿನ ಬಣ್ಣ ನೋಡಬೇಕು, ಬಿಸಿ ಇದೆಯೇ ಎಂದು ಮುಟ್ಟಿ ನೋಡಬೇಕು. ನೀಲಿಗಟ್ಟಿದರೆ ಬೆಳಗಾಗುವವರೆಗೆ ಕಾಯುವಂತಿಲ್ಲ, ಆಗಲೇ ಥಿಯೇಟರಿಗೆ ಒಯ್ಯಬೇಕು. ಎಲುಬಿನ ವೈದ್ಯ, ಪ್ಲಾಸ್ಟಿಕ್ ಸರ್ಜನ್ ಇಬ್ಬರೂ ಮೊದಲ ದಿನದಿಂದಲೇ ಒಟ್ಟಿಗೆ ನಿಂತು ನೋಡುವ ಆಸ್ಪತ್ರೆಯಲ್ಲಿ ಫಲ ಚೆನ್ನಾಗಿರುತ್ತದೆ. ಪ್ಲಾಸ್ಟಿಕ್ ಸರ್ಜರಿ ಎಂದರೆ ಅಂದ ಹೆಚ್ಚಿಸುವುದು ಎಂಬ ತಿಳಿವಳಿಕೆ ನಮ್ಮಲ್ಲಿ ಬಲವಾಗಿ ಕೂತಿದೆ. ಅದರ ಬೇರು ಯುದ್ಧದ ಗಾಯದಲ್ಲಿದೆ.

ಈ ಬೇರಿನ ಒಂದು ಎಳೆ ನಮ್ಮ ನಾಡಿನಲ್ಲೇ ಇದೆ. 1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೇನೆಗೆ ಎತ್ತಿನ ಗಾಡಿ ಹೊಡೆಯುತ್ತಿದ್ದ ಕವಾಸ್‌ಜೀ ಎಂಬಾತ ಟಿಪ್ಪುವಿನ ಸೈನ್ಯಕ್ಕೆ ಸೆರೆಸಿಕ್ಕ. ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಲಾಯಿತು. ಮುಂದೆ ಪುಣೆಯ ಬಳಿ ಇಟ್ಟಿಗೆ ಮಾಡುವ ಕುಲದ ಒಬ್ಬ ವೈದ್ಯ ಅವನ ಹಣೆಯ ಚರ್ಮವನ್ನು ತಿರುಗಿಸಿ ಹೊಸ ಮೂಗು ಮಾಡಿದ. 1794ರ ಅಕ್ಟೋಬರಿನಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜಿನ್ ಚಿತ್ರ ಸಮೇತ ಅದನ್ನು ಪ್ರಕಟಿಸಿದ ಮೇಲೆ ಯುರೋಪಿನ ಸರ್ಜನ್ನರು ಆ ವಿದ್ಯೆ ಕಲಿತರು. ಮೂಗು ಮರಳಿ ಬಂತು, ಕೈ ಬರಲಿಲ್ಲ. ಸೈನಿಕನಿಗೆ ಕೈ ಮರಳಲು ನಮ್ಮ ಕಾಲ ಬರಬೇಕಾಯಿತು. ಕಂದಹಾರದಲ್ಲಿ ನೆಲಬಾಂಬ್ ನಿಷ್ಕ್ರಿಯಗೊಳಿಸುವಾಗ ಎರಡೂ ಕೈ ಕಳೆದುಕೊಂಡಿದ್ದ ಅಫ್ಘಾನ್ ಸೇನೆಯ ಕ್ಯಾಪ್ಟನ್ ಅಬ್ದುಲ್ ರಹೀಮ್ ಅವರಿಗೆ 2015ರಲ್ಲಿ ಕೊಚ್ಚಿಯ ಅಮೃತಾ ಆಸ್ಪತ್ರೆಯಲ್ಲಿ ಡಾ. ಸುಬ್ರಮಣ್ಯ ಅಯ್ಯರ್ ಅವರ ತಂಡ ದಾನವಾಗಿ ಬಂದ ಎರಡು ಕೈಗಳನ್ನು ಜೋಡಿಸಿತು. ಆದರೆ ಹೀಗೆ ಜೋಡಿಸಿಕೊಂಡವರು ಜೀವನಪೂರ್ತಿ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆ ನುಂಗಬೇಕು. ಹಾಗಾಗಿ "ಕಾಲನ್ನೂ ಹಂಗ ಬ್ಯಾರೇದು ಹಚ್ಚಾಕ ಬರಂಗಿಲ್ಲೇನ್ರಿ?" ಎಂದು ಕೇಳುವವರಿಗೆ ನನ್ನ ಉತ್ತರ: ಒಳ್ಳೆಯ ಕೃತಕ ಕಾಲು ಇರುವಾಗ ಅಂಥ ಅಪಾಯಕ್ಕೆ ಕೈಹಾಕುವ ಅಗತ್ಯವಿಲ್ಲ.

ಮನೆಯವರಿಗೆ ಎಲ್ಲಕ್ಕಿಂತ ಹೆಚ್ಚು ಗಾಬರಿ ಹುಟ್ಟಿಸುವುದು ರಿಂಗು. ಇದು ಗವ್ರೀಲ್ ಇಲಿಜರೋವ್ ಎಂಬ ಸೋವಿಯತ್ ವೈದ್ಯರ ಕೊಡುಗೆ. ಸೈಬೀರಿಯಾದ ಕುರ್ಗಾನ್ ಪ್ರದೇಶದ ಹಳ್ಳಿಯಲ್ಲಿದ್ದ ಅವರ ಬಳಿಗೆ ಯುದ್ಧದಿಂದ ಮರಳಿದ ಸೈನಿಕರು ಕೂಡದ ಎಲುಬು, ಕುಗ್ಗಿದ ಕಾಲುಗಳೊಂದಿಗೆ ಬರುತ್ತಿದ್ದರು. 1950ರ ದಶಕದ ಆರಂಭದಲ್ಲಿ ಅವರು ಲೋಹದ ಬಳೆಗಳನ್ನೂ ಬಿಗಿದ ತಂತಿಗಳನ್ನೂ ಕೂಡಿಸಿ ಈ ಚೌಕಟ್ಟು ಮಾಡಿದರು. ಎಲುಬನ್ನು ಜಾಣತನದಿಂದ ಕತ್ತರಿಸಿ ದಿನಕ್ಕೆ ಒಂದು ಮಿಲಿಮೀಟರಿನಂತೆ ನಿಧಾನಕ್ಕೆ ಎಳೆಯುತ್ತ ಹೋದರೆ ಆ ಸಂದಿಯಲ್ಲಿ ಹೊಸ ಎಲುಬು ಬೆಳೆಯುತ್ತದೆ ಎಂದು ತೋರಿಸಿದರು. ಅದಕ್ಕಿಂತ ವೇಗವಾಗಿ ಎಳೆದರೆ ಎಲುಬು ಹುಟ್ಟುವುದಿಲ್ಲ, ತೀರ ನಿಧಾನವಾದರೆ ಸಂದಿ ಮೊದಲೇ ಕೂಡಿಬಿಡುತ್ತದೆ. ಪಶ್ಚಿಮದ ದೇಶಗಳಿಗೆ ಇದು ತಿಳಿದದ್ದು ಬಹಳ ತಡವಾಗಿ, 1980ರಲ್ಲಿ ಇಟಲಿಯ ಪರ್ವತಾರೋಹಿ ಕಾರ್ಲೋ ಮೌರಿ ತಮ್ಮ ಹಳೆಯ ಕಾಲುನೋವಿಗೆ ಕುರ್ಗಾನಿನಲ್ಲಿ ಗುಣ ಕಂಡ ಮೇಲೆ.

ಹುಕ್ಕೇರಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಸಿಕ್ ಲೀವಿನ ಮೇಲೆ ಮನೆಗೆ ಬಂದಿದ್ದ ಸೈನಿಕರೊಬ್ಬರ ಕಾಲು ನೋಡಲು ಹೋಗಿದ್ದೆ. ಪಡಸಾಲೆಯ ಮಂಚದ ಮೇಲೆ ಕಾಲು ಚಾಚಿ ಕೂತಿದ್ದರು. ಪ್ಯಾಂಟಿನ ಬದಿಯ ಹೊಲಿಗೆ ಬಿಚ್ಚಿ, ರಿಂಗಿನ ಮೇಲೆ ಬರುವಂತೆ ಲಾಡಿ ಹಚ್ಚಿ ಕೊಟ್ಟಿದ್ದರು ಊರಿನ ದರ್ಜಿ. ಪಕ್ಕದ ಗೂಡಿನಲ್ಲಿ ಹತ್ತು ನಂಬರಿನ ಪಾನಾ. ದಿನಕ್ಕೆ ನಾಲ್ಕು ಸಲ ಅವರ ಹೆಂಡತಿ ನಟ್ಟನ್ನು ಕಾಲು ಸುತ್ತು ತಿರುಗಿಸುತ್ತಿದ್ದರು. ಒಂದು ಸಲಕ್ಕೆ ಕಾಲು ಮಿಲಿಮೀಟರ್, ನಾಲ್ಕು ಸಲಕ್ಕೆ ಒಂದು. ಮರೆಯಬಾರದೆಂದು ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ತಾರೀಖಿನ ಕೆಳಗೆ ನಾಲ್ಕು ಗೆರೆ ಎಳೆದಿದ್ದರು. ಕೆಂಪು ಬಾಣದ ಗುರುತಿದ್ದ ಕಡೆಗೇ ತಿರುಗಿಸಬೇಕು ಎಂಬುದನ್ನು ಆಸ್ಪತ್ರೆಯಲ್ಲಿ ಒಮ್ಮೆ ತೋರಿಸಿದ್ದಷ್ಟೇ, ಆಕೆ ಒಂದೂ ತಪ್ಪು ಮಾಡಿರಲಿಲ್ಲ. ತಂತಿ ಚರ್ಮದೊಳಗೆ ಹೋಗುವ ಒಂದೊಂದು ಜಾಗವನ್ನೂ ಕುದಿಸಿ ಆರಿಸಿದ ನೀರಿನಲ್ಲಿ ಅದ್ದಿದ ಗಾಜ್ ಬಟ್ಟೆಯಿಂದ ಒರೆಸಿ, ಪಾದ ಕೆಳಗೆ ಜೋಲದಂತೆ ಪಟ್ಟಿ ಬಿಗಿದು ಕಟ್ಟುತ್ತಿದ್ದರು. ಐದಾರು ಸೆಂಟಿಮೀಟರ್ ಎಲುಬು ಬೆಳೆಸಲು ಎರಡು ತಿಂಗಳು ತಿರುಗಿಸುವುದು, ಆ ಮೃದು ಎಲುಬು ಗಟ್ಟಿಯಾಗಲು ಮತ್ತೆ ಹಲವು ತಿಂಗಳು. ಇಷ್ಟು ದೀರ್ಘವಾದ ಶಸ್ತ್ರಚಿಕಿತ್ಸೆ ನಡೆಯುವುದು ಥಿಯೇಟರಿನಲ್ಲಿ ಅಲ್ಲವೇ ಅಲ್ಲ, ಹೆಂಡತಿ ಅಥವಾ ತಾಯಿ ನಡೆಸುವ ಇಂಥ ಪಡಸಾಲೆಗಳಲ್ಲಿ. ಯಾವ ಡಿಸ್ಚಾರ್ಜ್ ಕಾರ್ಡಿನಲ್ಲೂ ಅವರ ಹೆಸರು ಬರುವುದಿಲ್ಲ ಎಂಬುದು ನನಗೆ ಬೇಸರದ ಸಂಗತಿ.

ಇಂಥ ಮನೆಗಳಲ್ಲಿ ನಾನು ಎರಡು ವಿಷಯಕ್ಕೆ ಜಗಳವಾಡುತ್ತೇನೆ. ಒಂದು, ತಂಬಾಕು. ಬೀಡಿ, ಸಿಗರೇಟು, ಗುಟ್ಕಾ ಯಾವುದೇ ಇರಲಿ, ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಎಲುಬು ಕೂಡುವುದು ತಡವಾಗುತ್ತದೆ, ಕೂಡದೆಯೂ ಉಳಿಯಬಹುದು. ಇನ್ನೊಂದು, ಪಥ್ಯ. ಗಾಯ ಇರುವವರಿಗೆ ಬೇಳೆ, ತತ್ತಿ, ಶೇಂಗಾ ಕೊಟ್ಟರೆ ನಂಜಾಗಿ ಕೀವು ಬರುತ್ತದೆಂದು ಬರೀ ಗಂಜಿ, ಅನ್ನದ ಮೇಲೆ ಇಡುತ್ತಾರೆ. ಹೊಸ ಖಂಡ, ಹೊಸ ಎಲುಬು ಬೆಳೆಯಬೇಕಾದವರಿಗೆ ಬೇಕಾದದ್ದೇ ಅದು: ತತ್ತಿ, ಹಾಲು, ಬೇಳೆ, ಹೆಸರುಕಾಳು, ಮಾಂಸ ತಿನ್ನುವವರಾದರೆ ಮಾಂಸ. ಕೀವು ಬರುವುದು ಒಳಗೆ ಉಳಿದ ಸೋಂಕಿನಿಂದ.

ಇಷ್ಟೆಲ್ಲ ವಿದ್ಯೆ ಇದ್ದರೂ ಕೆಲವು ಕಾಲುಗಳನ್ನು ತೆಗೆಯಬೇಕಾಗುತ್ತದೆ. ಇದನ್ನು ನಿರ್ಧರಿಸಲು ಜಗತ್ತು ಬಳಸುವ ಅಳತೆಗೋಲುಗಳಲ್ಲಿ ಒಂದು ನಮ್ಮ ಪಕ್ಕದ ಕೊಯಮತ್ತೂರಿನದು. ಅಲ್ಲಿನ ಗಂಗಾ ಆಸ್ಪತ್ರೆಯ ಡಾ. ಎಸ್. ರಾಜಶೇಖರನ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಪದ್ಧತಿಯಲ್ಲಿ ಚರ್ಮ, ಎಲುಬು, ಖಂಡ-ನರಗಳ ಹಾನಿಗೆ ಬೇರೆ ಬೇರೆ ಅಂಕ. ಸಕ್ಕರೆ ಕಾಯಿಲೆಯಂಥ ತೊಂದರೆ ಇದ್ದರೆ, ಗಾಯಾಳು ತಡವಾಗಿ ಬಂದಿದ್ದರೆ ಮತ್ತಷ್ಟು ಅಂಕ ಸೇರುತ್ತದೆ. ಒಟ್ಟು 14ರೊಳಗಿದ್ದರೆ ಕಾಲು ಉಳಿಸಬಹುದು, 17 ಅಥವಾ ಅದಕ್ಕಿಂತ ಹೆಚ್ಚಾದರೆ ತೆಗೆಯುವುದೇ ಲೇಸು. 15, 16 ಬಂದರೆ? ಅಲ್ಲಿ ಲೆಕ್ಕ ನಿಂತು ಮಾತುಕತೆ ಶುರುವಾಗುತ್ತದೆ. ಗಾಯಾಳುವಿನ ವಯಸ್ಸೆಷ್ಟು, ಮುಂದೆ ಮಾಡುವ ಕೆಲಸವೇನು, ಎರಡು ಮೂರು ವರ್ಷ ಆಸ್ಪತ್ರೆಗೆ ಅಲೆಯುವ ಶಕ್ತಿ ಮನೆಗಿದೆಯೇ?

ಕಾಲು ತೆಗೆದರೆ ಎಲ್ಲ ಮುಗಿಯಿತು, ಉಳಿಸಿದರೆ ಎಲ್ಲ ಸರಿಹೋಯಿತು ಎಂಬ ನಂಬಿಕೆಯನ್ನು ಎರಡು ದೊಡ್ಡ ಅಧ್ಯಯನಗಳು ಅಲುಗಾಡಿಸಿವೆ. 2002ರಲ್ಲಿ ಅಮೆರಿಕದ ನಾಗರಿಕ ಗಾಯಾಳುಗಳ ಮೇಲೆ ಪ್ರಕಟವಾದ ಅಧ್ಯಯನದಲ್ಲಿ, ಎರಡು ವರ್ಷದ ನಂತರ ಕಾಲು ಉಳಿಸಿಕೊಂಡವರ ಮತ್ತು ಕಳೆದುಕೊಂಡವರ ಸ್ಥಿತಿ ಹೆಚ್ಚುಕಡಿಮೆ ಒಂದೇ ಇತ್ತು. ಎರಡೂ ಗುಂಪಿನಲ್ಲಿ ಕೆಲಸಕ್ಕೆ ಮರಳಿದವರು ಸುಮಾರು ಅರ್ಧದಷ್ಟು ಮಂದಿ. 2013ರಲ್ಲಿ ಇರಾಕ್, ಅಫ್ಘಾನಿಸ್ತಾನದಿಂದ ಮರಳಿದ ಸೈನಿಕರ ಮೇಲೆ ಬಂದ ಅಧ್ಯಯನದಲ್ಲಿ ಕಾಲು ತೆಗೆಸಿಕೊಂಡವರೇ ಚಟುವಟಿಕೆಯಲ್ಲೂ ಮನಸ್ಸಿನ ನೆಮ್ಮದಿಯಲ್ಲೂ ಮುಂದಿದ್ದರು. ಅವರಿಗೆ ಒಳ್ಳೆಯ ಕೃತಕ ಕಾಲೂ ಕಟ್ಟುನಿಟ್ಟಿನ ತರಬೇತಿಯೂ ಸಿಕ್ಕಿದ್ದವು ಎಂಬುದನ್ನು ಮರೆಯಬಾರದು. ಬಿಗಿದುಹೋದ ಪಾದ, ಮುಗಿಯದ ನೋವು, ವರ್ಷಕ್ಕೊಮ್ಮೆ ಮರುಕಳಿಸುವ ಕೀವು ಇರುವ ಕಾಲು ಕಣ್ಣಿಗೆ ಪೂರ್ತಿ ಕಂಡರೂ ಹೊಲದ ಬದುವಿನ ಮೇಲೆ ನಡೆಸಲಾರದು.

ಒಂದೇ ಯುದ್ಧದ ಇಬ್ಬರನ್ನು ನೋಡಿ. 1999ರ ಜುಲೈ, ಕಾರ್ಗಿಲ್‌ನ ಪಾಯಿಂಟ್ 4875. 13 ಜಮ್ಮು ಕಾಶ್ಮೀರ್ ರೈಫಲ್ಸ್‌ನ ಯುವ ಅಧಿಕಾರಿ, ಕನ್ನಡಿಗ ನವೀನ್ ನಾಗಪ್ಪ ಅವರ ಕಾಲುಗಳು ಗ್ರೆನೇಡ್ ಸ್ಫೋಟಕ್ಕೆ ಜರ್ಜರಿತವಾದವು. ದೀರ್ಘಕಾಲ ಆಸ್ಪತ್ರೆಯಲ್ಲಿದ್ದು, ಸಾಲು ಸಾಲು ಶಸ್ತ್ರಚಿಕಿತ್ಸೆಗಳ ನಂತರ ಎದ್ದು ನಿಂತರು. ಪದಾತಿದಳದ ಬದುಕು ಮಾತ್ರ ಅಲ್ಲಿಗೆ ಮುಗಿಯಿತು. ಅವರು ಎಂಜಿನಿಯರಿಂಗ್ ಸೇವೆಯ ಪರೀಕ್ಷೆ ಬರೆದು ಮಿಲಿಟರಿ ಎಂಜಿನಿಯರ್ ಸರ್ವಿಸಸ್ ಸೇರಿದರು. ಅದೇ ತಿಂಗಳು ಅಖ್ನೂರಿನಲ್ಲಿ ಮಾರ್ಟರ್ ಚೂರುಗಳಿಂದ ಗಾಯಗೊಂಡ ಮೇಜರ್ ಡಿ.ಪಿ. ಸಿಂಗ್ ಅವರ ಒಂದು ಕಾಲನ್ನು ಗ್ಯಾಂಗ್ರಿನ್ ಆಗಿ ತೆಗೆಯಬೇಕಾಯಿತು. ಅವರು ಕೃತಕ ಬ್ಲೇಡ್ ಕಟ್ಟಿಕೊಂಡು ಹಾಫ್ ಮ್ಯಾರಥಾನ್ ಓಡಿದರು. ಇವರಲ್ಲಿ ಯಾರ ಚಿಕಿತ್ಸೆ ಗೆದ್ದಿತು, ಯಾರದು ಸೋತಿತು ಎಂದು ಕೇಳುವುದಕ್ಕೆ ಅರ್ಥವೇ ಇಲ್ಲ.

ಕಾಲು ತೆಗೆದವರಿಗೆ ನಮ್ಮ ಕಡೆಯಿಂದ ದಾರಿ ನೇರ. ಸಂಕೇಶ್ವರದ ಹೆದ್ದಾರಿ ಹಿಡಿದರೆ ಪುಣೆ. ಅಲ್ಲಿನ ಆರ್ಟಿಫಿಶಿಯಲ್ ಲಿಂಬ್ ಸೆಂಟರ್ 1944ರಲ್ಲಿ ಎರಡನೆಯ ಮಹಾಯುದ್ಧದ ಗಾಯಾಳುಗಳಿಗಾಗಿ ಶುರುವಾದದ್ದು, ಇಂದಿಗೂ ಸೈನಿಕರಿಗೆ ಕೃತಕ ಕೈಕಾಲು ಕೊಡುತ್ತಿದೆ. ಕಾಲು ಕೊಟ್ಟು ಕಳಿಸುವುದಷ್ಟೇ ಅಲ್ಲ, ನಡೆಯಲು ಕಲಿಸುತ್ತಾರೆ. ಉಳಿದ ಮೋಟು ವರ್ಷ ಕಳೆದಂತೆ ಸೊರಗುತ್ತದೆ, ಅದು ಕೂರುವ ಕೃತಕ ಕಾಲಿನ ಬಟ್ಟಲು ಸಡಿಲವಾಗುತ್ತದೆ, ಮತ್ತೆ ಹೋಗಿ ಅಳತೆ ಕೊಡಬೇಕು. ಮೊದಲ ಸಲ ಹೋಗಿಬಂದು, ಆಮೇಲೆ ಕೃತಕ ಕಾಲನ್ನು ಅಟ್ಟಕ್ಕೆ ಏರಿಸಿ ಊರುಗೋಲು ಹಿಡಿದವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಈಗ ಭರ್ತಿಯಾಗುತ್ತಿರುವ ಹುಡುಗರ ತಂದೆತಾಯಿ ಅಗ್ನಿವೀರರ ಬಗ್ಗೆ ಕೇಳುತ್ತಾರೆ. 2022ರ ಯೋಜನೆಯಲ್ಲಿ ಸೇವೆಯ ಕಾರಣಕ್ಕೆ ಅಂಗವೈಕಲ್ಯ ಬಂದರೆ, ಅದರ ಪ್ರಮಾಣ ಶೇಕಡ 100, 75 ಅಥವಾ 50 ಎಂಬುದರ ಮೇಲೆ 44, 25 ಅಥವಾ 15 ಲಕ್ಷ ರೂಪಾಯಿ ಒಂದು ಸಲದ ಪರಿಹಾರವಿದೆ. ಹಣ ಬೇಕು, ನಿಜ. ಆದರೆ ನಾಲ್ಕು ವರ್ಷದ ಸೇವೆಯ ಮೂರನೆಯ ವರ್ಷದಲ್ಲಿ ಕಾಲು ನುಜ್ಜುಗುಜ್ಜಾದವನ ಚಿಕಿತ್ಸೆ ಅವನ ಸೇವಾವಧಿಗಿಂತ ದೀರ್ಘವಾಗಬಹುದು. ಅಂಥವರಿಗೆ ಎಲುಬು ಕೂಡುವವರೆಗೆ, ಕೃತಕ ಕಾಲು ಬದಲಿಸುವ ಪ್ರತಿ ಸಲವೂ, ಸೇನೆಯ ಆಸ್ಪತ್ರೆಯ ಬಾಗಿಲು ತೆರೆದಿರಬೇಕು ಎಂಬುದು ನನ್ನ ಅಭಿಪ್ರಾಯ. ಯಾವ ಸೈನಿಕರೇ ಆಗಲಿ, ಗಾಯ ಸೇವೆಯಿಂದಲೇ ಆಯಿತೆಂದು ಮೆಡಿಕಲ್ ಬೋರ್ಡ್ ಬರೆದ ಕಾಗದದ ಪ್ರತಿಯನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ಪಿಂಚಣಿಯ ಪ್ರಶ್ನೆಗಳಿಗೆ ಬೆಳಗಾವಿಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಹೋದಾಗ ಅಲ್ಲಿನವರು ಮೊದಲು ಕೇಳುವುದು ಇಂಥ ಕಾಗದಗಳನ್ನೇ.

ಸೈನಿಕರಿಗಾಗಿ ಹುಟ್ಟಿದ ಈ ವಿದ್ಯೆ ನಮ್ಮ ರಸ್ತೆಗಳಿಗೂ ಬೇಕು. ಕಬ್ಬಿನ ಹಂಗಾಮಿನಲ್ಲಿ ಹಿಂದೆ ದೀಪವಿಲ್ಲದ ಟ್ರೇಲರಿಗೆ ಬೈಕು ಗುದ್ದಿ ನುಜ್ಜಾದ ಕಾಲು, ಒಕ್ಕಣೆ ಯಂತ್ರಕ್ಕೆ ಸಿಕ್ಕ ಕೈ ಯುದ್ಧದ ಗಾಯಕ್ಕಿಂತ ಕಡಿಮೆಯೇನಲ್ಲ. ಗೋಕಾಕದಿಂದ ಬೆಳಗಾವಿ 60 ಕಿಲೋಮೀಟರಿಗೂ ಮಿಕ್ಕಿ, ಮೂಡಲಗಿಯಿಂದ ಇನ್ನೂ ದೂರ. ಅಲ್ಲಿಗೆ ಮುಟ್ಟುವ ಮೊದಲು ನೀವು ಮಾಡುವುದರಿಂದಲೇ ಕಾಲು ಉಳಿಯಬಹುದು. 108ಕ್ಕೆ ಫೋನ್ ಮಾಡಿ. ಸ್ವಚ್ಛ ಬಟ್ಟೆಯನ್ನು ಗಾಯದ ಮೇಲಿಟ್ಟು ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಅರಿಶಿನ, ಕಾಫಿಪುಡಿ, ಸಗಣಿ ಯಾವುದನ್ನೂ ಹಚ್ಚಬೇಡಿ. ಒತ್ತಿದರೂ ರಕ್ತ ಚಿಮ್ಮುತ್ತಲೇ ಇದ್ದರೆ ಗಾಯದ ಮೇಲ್ಭಾಗಕ್ಕೆ ಅಗಲವಾದ ಬಟ್ಟೆ ಸುತ್ತಿ, ಕೋಲು ಸಿಕ್ಕಿಸಿ, ರಕ್ತ ನಿಲ್ಲುವಷ್ಟು ತಿರುವಿ ಕಟ್ಟಿ. ಕಟ್ಟಿದ ಹೊತ್ತನ್ನು ಬರೆದಿಡಿ, ದಾರಿಯಲ್ಲಿ ಸಡಿಲಿಸಬೇಡಿ. ಮುರಿದ ಕಾಲಿಗೆ ಕಟ್ಟಿಗೆಯೋ ಮಡಚಿದ ರಟ್ಟೋ ಆಸರೆ ಕೊಟ್ಟು ಅಲುಗಾಡದಂತೆ ಕಟ್ಟಿ. ಎಲುಬು ಕಟ್ಟುವವರ ಬಳಿ ಒಯ್ದು ಹೊತ್ತು ಕಳೆಯಬೇಡಿ. ಬೆರಳೋ ಕೈಯೋ ತುಂಡಾಗಿದ್ದರೆ ಆ ತುಂಡನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಬಿಗಿಯಿರಿ, ಆ ಚೀಲವನ್ನು ಐಸ್ ಇರುವ ಇನ್ನೊಂದು ಚೀಲದಲ್ಲಿಡಿ. ಐಸಿಗೆ ತುಂಡು ನೇರ ತಾಗಿದರೆ ಸೆಟೆದು ಕೆಡುತ್ತದೆ. ಐಸ್ ಎಲ್ಲಿ ಸಿಗಬೇಕು ಎಂದು ಹುಡುಕಬೇಡಿ, ಹತ್ತಿರದ ಕಬ್ಬಿನ ಹಾಲಿನ ಅಂಗಡಿಯಲ್ಲಿ ಕೇಳಿದರೆ ಕೊಡುತ್ತಾರೆ.